ರಕ್ತನಾಳಗಳ ಬೇಸಾಯ

ಕ್ರಿ.ಶ. ೧೭೯೪ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಲಂಡನ್ ನಗರದ 'ಜಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ ಒಂದು ಪತ್ರವು ಅಚ್ಚಾಯಿತು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯದೊಡನೆ ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಾವಸ್ಜಿ ಎಂಬ ಮರಾಠನು ಟಿಪ್ಪುಸುಲ್ತಾನನಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷ ಮೂಗಿಲ್ಲದೆ ಕಾಲ ಕಳೆದ ಮೇಲೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವವರ ಕುಲಕ್ಕೆ ಸೇರಿದ ಒಬ್ಬ ಕುಶಲನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಮೊದಲು ಮೇಣದಿಂದ ಮೂಗಿನ ಆಕಾರವನ್ನು ಮಾಡಿ ಮುಖದ ಮೇಲೆ ಕೂರಿಸಿ ನೋಡಿದರು. ಆ ಮೇಣವನ್ನೇ ಚಪ್ಪಟೆಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆಯೆಳೆದರು. ಗೆರೆಯಗುಂಟ ಚರ್ಮವನ್ನು ಎಬ್ಬಿಸಿ, ಎರಡು ಕಣ್ಣುಗಳ ನಡುವೆ ಮಾತ್ರ ಕಿರಿದಾದ ಒಂದು ತೊಟ್ಟನ್ನು ಕತ್ತರಿಸದೆ ಉಳಿಸಿ, ಎಬ್ಬಿಸಿದ ಚರ್ಮವನ್ನು ತಿರುಚಿ ಕೆಳಗಿಳಿಸಿ ಮೂಗಿನ ಸ್ಥಾನದಲ್ಲಿ ಜೋಡಿಸಿದರು. ಜೋಡಣೆಯ ಅಂಚಿಗೆ ನೀರಿನಲ್ಲಿ ಮೆತ್ತಗಾಗಿಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ ಒಂದರ ಮೇಲೊಂದರಂತೆ ಅಂಟಿಸಿದರು. ಇಪ್ಪತ್ತೈದನೆಯ ದಿವಸದ ಸುಮಾರಿಗೆ ಆ ತೊಟ್ಟನ್ನು ಕತ್ತರಿಸಿದರು. ಮೂಗು ನಿಂತಿತು. ಈ ವರದಿಯನ್ನು ಓದಿದ ಕಾರ್ಪ್ಯೂ ಎಂಬ ಇಂಗ್ಲಿಷ್ ಶಸ್ತ್ರವೈದ್ಯನು ೧೮೧೪ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿ ಯಶಸ್ಸನ್ನು ಪಡೆದನು.

ಈ ವೃತ್ತಾಂತದಲ್ಲಿ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದುದು ಮೂಗನ್ನಲ್ಲ, ಆ ತೊಟ್ಟನ್ನು. ಹಣೆಯ ಚರ್ಮವನ್ನು ಒಮ್ಮೆಗೇ ಪೂರ್ತಿಯಾಗಿ ಕತ್ತರಿಸಿ ತೆಗೆದಿದ್ದರೆ ಜೋಡಿಸುವ ಕೆಲಸವು ಬಹು ಸುಲಭವಾಗುತ್ತಿತ್ತು. ತಿರುಚುವ ಶ್ರಮವೇ ಇರುತ್ತಿರಲಿಲ್ಲ. ಆದರೆ ಅಷ್ಟು ದಪ್ಪನೆಯ ಚರ್ಮವು ಬಳ್ಳಿಯಿಂದ ಹರಿದ ಎಳೆಗಾಯಿಯಂತೆ ಕಪ್ಪಾಗಿ ಕೊಳೆತುಹೋಗುವ ಭಯವಿತ್ತು. ತೊಟ್ಟಿನ ಮೂಲಕ ಹಣೆಯ ರಕ್ತವು ಹೊಸ ಮೂಗಿಗೆ ಹರಿಯುತ್ತಲೇ ಇದ್ದುದರಿಂದ ಅದು ಬದುಕಿತು. ಆ ಇಪ್ಪತ್ತೈದು ದಿವಸಗಳ ಅವಧಿಯಲ್ಲಿ ಕೆನ್ನೆಯ ಕಡೆಯಿಂದ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹೊಸ ರಕ್ತನಾಳಗಳು ಚಿಗುರಿ ಬಂದು ಹೊಸ ಚರ್ಮದೊಳಗೆ ಬೇರುಬಿಟ್ಟವು. ಅನಂತರ ತೊಟ್ಟಿನ ಅವಶ್ಯಕತೆ ತೀರಿತು. ಇಂದು ಪ್ರಯೋಗಶಾಲೆಗಳಲ್ಲಿ ಮನುಷ್ಯನ ಯಕೃತ್ತು, ಹೃದಯ, ಮೂತ್ರಪಿಂಡ ಮೊದಲಾದ ಅಂಗಗಳ ತುಣುಕುಗಳನ್ನು ಬೆಳೆಯಿಸಲು ಯತ್ನಿಸುತ್ತಿರುವ ವಿಜ್ಞಾನಿಗಳ ಮುಂದಿರುವ ಪ್ರಶ್ನೆಯೂ ಇದೇ ಆಗಿದೆ. ಗಾಜಿನ ಪಾತ್ರೆಯಲ್ಲಿ ಬೆಳೆದ ಅಂಗಾಂಶಕ್ಕೆ ತೊಟ್ಟೇ ಇಲ್ಲ. ಅದನ್ನು ಎಲ್ಲಿಂದ ತರಬೇಕು?

ಒಂದೇ ಬಗೆಯ ಕಾರ್ಯಕ್ಕೆ ಒಡಂಬಟ್ಟು ಕೂಡಿ ನಿಂತ ಜೀವಕೋಶಗಳ ಸಮೂಹಕ್ಕೆ ಅಂಗಾಂಶವೆಂದು ಹೆಸರು. ಪ್ರತಿಯೊಂದು ಜೀವಕೋಶಕ್ಕೂ ಆಮ್ಲಜನಕ ಬೇಕು, ಆಹಾರ ಬೇಕು. ಕಲ್ಮಷವನ್ನು ಹೊರಕ್ಕೆ ಸಾಗಿಸುವ ದಾರಿಯೂ ಬೇಕು. ಹೃದಯದಿಂದ ಹೊರಟ ರಕ್ತವು ದೇಹವನ್ನೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆಯು ೧೬೨೮ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸಾಧಿಸಿದನು. ಆದರೆ ಅಪಧಮನಿಯ ರಕ್ತವು ಅಭಿಧಮನಿಗೆ ದಾಟುವ ಸೇತುವೆಯು ಎಲ್ಲಿದೆಯೆಂಬುದು ಅವನಿಗೆ ಕಾಣಲಿಲ್ಲ. ಅವನು ಗತಿಸಿದ ಕೆಲವು ವರ್ಷಗಳ ಮೇಲೆ, ೧೬೬೧ರಲ್ಲಿ, ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ ಆ ಸೇತುವೆಯನ್ನು ಕಂಡನು. ಅವೇ ಲೋಮನಾಳಗಳು. ಲೋಮವೆಂದರೆ ಕೂದಲು, ಲ್ಯಾಟಿನ್ ಭಾಷೆಯ ಮೂಲ ಹೆಸರಿಗೂ ಕೂದಲೆಂದೇ ಅರ್ಥ. ಆದರೆ ಈ ಹೆಸರು ಉಪಚಾರಕ್ಕೆ ಮಾತ್ರ ಸಲ್ಲುತ್ತದೆ. ಲೋಮನಾಳದ ವ್ಯಾಸವು ತಲೆಗೂದಲಿನ ಸುಮಾರು ಹತ್ತರಲ್ಲೊಂದು ಪಾಲು. ಕೆಂಪು ರಕ್ತಕಣಗಳು ಅದರೊಳಗೆ ಒಂದರ ಹಿಂದೊಂದು ಸಾಲಾಗಿ, ಎಷ್ಟೋ ವೇಳೆ ಮೈಯನ್ನು ಮುದುಡಿಕೊಂಡು, ನುಸುಳಬೇಕಾಗುತ್ತದೆ.

ಈ ಲೋಮನಾಳಗಳ ಗೋಡೆಯಿಂದ ಆಮ್ಲಜನಕವು ಜೀವಕೋಶಗಳ ಕಡೆಗೆ ಒಸರುತ್ತ ಹೋಗುತ್ತದೆ. ಅದನ್ನು ತಳ್ಳುವವರು ಯಾರೂ ಇಲ್ಲ. ಹೆಚ್ಚಿರುವೆಡೆಯಿಂದ ಕಡಮೆಯಿರುವೆಡೆಗೆ ತಾನಾಗಿಯೇ ಹರಡುತ್ತದೆ. ಹೀಗೆ ಹರಡುವುದಕ್ಕೆ ಒಂದು ಎಲ್ಲೆಯುಂಟು. ಸಾಲುಸಾಲಿನ ಜೀವಕೋಶಗಳು ದಾರಿಯಲ್ಲೇ ಆಮ್ಲಜನಕವನ್ನು ಕುಡಿದುಬಿಡುವುದರಿಂದ ಹಿಂದಿನ ಸಾಲುಗಳಿಗೆ ಉಳಿಯುವುದು ಸ್ವಲ್ಪ. ಡೆನ್ಮಾರ್ಕ್ ದೇಶದ ಔಗಸ್ಟ್ ಕ್ರೋಗ್ ಎಂಬ ಶರೀರವಿಜ್ಞಾನಿಯು ಸ್ನಾಯುಗಳಲ್ಲಿ ಈ ಲೆಕ್ಕವನ್ನು ಮಾಡಿ ತೋರಿಸಿದನು. ಸ್ನಾಯುವು ಕೆಲಸ ಮಾಡುವಾಗ ಮುಚ್ಚಿದ್ದ ಲೋಮನಾಳಗಳು ತೆರೆದುಕೊಳ್ಳುತ್ತವೆಂಬುದನ್ನು ಕಂಡುದಕ್ಕಾಗಿ ಅವನಿಗೆ ೧೯೨೦ರ ನೊಬೆಲ್ ಪಾರಿತೋಷಕ ದೊರೆಯಿತು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುವುದಾದರೆ, ದೇಹದ ಬಹುಪಾಲು ಜೀವಕೋಶಗಳು ಯಾವುದಾದರೊಂದು ಲೋಮನಾಳದಿಂದ ೧೦೦ರಿಂದ ೨೦೦ ಮೈಕ್ರಾನುಗಳ ಒಳಗೇ ಇರುತ್ತವೆ. ಅದಕ್ಕಿಂತ ದೂರವಾದರೆ ನಾಲೆಯ ಕೊನೆಯ ಗದ್ದೆಯ ಗತಿಯೇ ಅವುಗಳದು: ತೂಬಿನ ಹತ್ತಿರದವರಿಗೆ ನೀರು, ಕೊನೆಯವರಿಗೆ ಬಿರುಕುಬಿಟ್ಟ ನೆಲ.

ರಕ್ತವಾಹಿನಿಗಳಿಗೆ ನೀರುಕಾಲುವೆಯ ಹೋಲಿಕೆಯು ಹೊಸದೇನೂ ಅಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸಿರೆಗಳನ್ನು ಕುರಿತು ಹೇಳುವಾಗ, ತೋಟವನ್ನು ನೀರುದಾರಿಗಳೂ ಗದ್ದೆಯನ್ನು ಕಾಲುವೆಗಳೂ ತಣಿಸುವಂತೆ ಸಿರೆಗಳು ದೇಹವನ್ನು ಪೋಷಿಸುತ್ತವೆಂದೂ, ಅವುಗಳ ಕವಲುಗಳು ಮರದ ಎಲೆಯ ನರಗಳಂತೆ ಹಬ್ಬಿವೆಯೆಂದೂ, ಅವುಗಳಿಗೆಲ್ಲ ನಾಭಿಯೇ ಮೂಲವೆಂದೂ ಅಭಿಪ್ರಾಯವಿದೆ. ಇದರಿಂದ ಸುಶ್ರುತನಿಗೆ ಹಾರ್ವೆಯ ರಕ್ತಪರಿಚಲನೆಯು ಮೊದಲೇ ತಿಳಿದಿತ್ತೆಂದು ವಾದಿಸುವವರುಂಟು. ಅದು ಸಲ್ಲದ ಮಾತು. ಉಪಮೆಯು ಉಪಮೆಯೇ, ಶಾಸ್ತ್ರಸಿದ್ಧಾಂತವು ಬೇರೆ. ಆದರೂ ಎಲೆ ಮತ್ತು ನಾಭಿ ಎಂಬ ಆ ಎರಡು ಮಾತುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಮುಂದೆ ಎರಡೂ ಬೇರೊಂದು ವೇಷದಲ್ಲಿ ಎದುರಾಗುತ್ತವೆ.

ಜೀವಕೋಶಗಳನ್ನು ಕರಗಿಹೋಗುವಂಥ ಹಂದರದ ಮೇಲೆ ಬಿತ್ತಿ ಬೇಕಾದ ಅಂಗಾಂಶವನ್ನು ಬೆಳೆಯಿಸುವ ವಿದ್ಯೆಗೆ ಟಿಶ್ಯೂ ಇಂಜಿನಿಯರಿಂಗ್ ಎಂದು ಹೆಸರು. ಕನ್ನಡದಲ್ಲಿ ಅಂಗಾಂಶ ಶಿಲ್ಪವಿಜ್ಞಾನವೆನ್ನಬಹುದು. ಅಮೆರಿಕದ ರಾಬರ್ಟ್ ಲ್ಯಾಂಗರ್ ಎಂಬ ರಸಾಯನಶಿಲ್ಪಿಯೂ ಜೋಸೆಫ್ ವಕಾಂಟಿ ಎಂಬ ಶಸ್ತ್ರವೈದ್ಯನೂ ಕೂಡಿ ೧೯೯೩ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಹೆಸರು ಲೋಕಪ್ರಸಿದ್ಧವಾಯಿತು. ಅಮೆರಿಕವೊಂದರಲ್ಲಿಯೇ ಬದಲಿ ಅಂಗಕ್ಕಾಗಿ ಹೆಸರು ಬರೆಯಿಸಿ ಕಾದಿರುವವರ ಸಂಖ್ಯೆ ಒಂದು ಲಕ್ಷವನ್ನು ಮೀರಿದೆಯೆಂದರೆ ಈ ವಿದ್ಯೆಯ ಮೇಲೆ ಜನರು ಇಟ್ಟ ಆಸೆಯನ್ನು ಊಹಿಸಬಹುದು. ಮೊದಲಿಗೆ ಚರ್ಮವೂ ಮೃದ್ವಸ್ಥಿಯೂ ಸಿದ್ಧವಾದವು. ಚರ್ಮವು ತೆಳುವು, ಕೆಳಗಿನ ಗಾಯದ ಹಾಸಿನಿಂದಲೇ ಅದಕ್ಕೆ ಪೋಷಣೆ ದೊರೆಯುತ್ತದೆ. ಮೃದ್ವಸ್ಥಿಯೊಳಗಾದರೋ ಸ್ವಭಾವತಃ ರಕ್ತನಾಳಗಳೇ ಇಲ್ಲ. ಈ ಎರಡು ಗೆಲುವುಗಳನ್ನು ಕಂಡ ಕೆಲವರು ಯಕೃತ್ತೂ ಹೃದಯವೂ ಹತ್ತಾರು ವರ್ಷಗಳೊಳಗೆ ಅಂಗಡಿಯ ಪದಾರ್ಥಗಳಾಗುತ್ತವೆಂದು ಸಾರಿದರು. ಹಾಗಾಗಲಿಲ್ಲ. ದಪ್ಪನಾದ ಅಂಗಾಂಶವನ್ನು ಮಾಡಿದಾಗಲೆಲ್ಲ ಅದರ ಹೊರಮೈ ಬದುಕಿ ಒಡಲು ಸಾಯುತ್ತಿತ್ತು.

ರಕ್ತನಾಳಗಳು ಹೊಸದಾಗಿ ಹೇಗೆ ಹುಟ್ಟುತ್ತವೆಂಬ ತಿಳಿವಳಿಕೆಯು ಬಂದದ್ದು ಅಂಗಗಳನ್ನು ಕಟ್ಟುವವರಿಂದಲ್ಲ, ಅರ್ಬುದರೋಗವನ್ನು ಕುರಿತು ಚಿಂತಿಸಿದವನೊಬ್ಬನಿಂದ. ೧೯೬೦ರ ದಶಕದ ಆರಂಭದಲ್ಲಿ ಜೂಡಾ ಫೋಕ್‌ಮನ್ ಎಂಬ ತರುಣ ಶಸ್ತ್ರವೈದ್ಯನು ಅಮೆರಿಕದ ಬೆಥೆಸ್ಡಾದಲ್ಲಿದ್ದ ನೌಕಾದಳದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದನು. ಪ್ರಾಣಿಗಳ ಥೈರಾಯಿಡ್ ಗ್ರಂಥಿಯನ್ನು ಗಾಜಿನ ಪಾತ್ರೆಯೊಳಗೆ ದ್ರವವನ್ನು ಹರಿಸಿ ಜೀವಂತವಾಗಿಟ್ಟು, ಅದರಲ್ಲಿ ಅರ್ಬುದದ ಜೀವಕೋಶಗಳನ್ನು ನೆಟ್ಟನು. ಅವು ಒಂದೆರಡು ಮಿಲಿಮೀಟರಿನಷ್ಟು ಬೆಳೆದು ನಿಂತುಬಿಟ್ಟವು. ಅದೇ ಗೆಡ್ಡೆಯನ್ನು ಬದುಕಿರುವ ಇಲಿಯ ದೇಹಕ್ಕೆ ಹಾಕಿದರೆ ಮತ್ತೆ ವೇಗವಾಗಿ ಬೆಳೆಯತೊಡಗಿತು. ಗಾಜಿನೊಳಗಿನ ಗ್ರಂಥಿಯಲ್ಲಿ ಹೊಸ ರಕ್ತನಾಳಗಳು ಹುಟ್ಟಲಿಲ್ಲ, ಇಲಿಯಲ್ಲಿ ಹುಟ್ಟಿದವು; ಭೇದವಿಷ್ಟೇ. ಗೆಡ್ಡೆಯು ಯಾವುದೋ ರಾಸಾಯನಿಕದ ಮೂಲಕ ನೆರೆಯ ರಕ್ತನಾಳಗಳನ್ನು ತನ್ನೆಡೆಗೆ ಕರೆಯುತ್ತದೆಂದು ಅವನು ೧೯೭೧ರಲ್ಲಿ ಪ್ರತಿಪಾದಿಸಿದನು. ಅಂದು ಅದನ್ನು ನಂಬಿದವರು ಕಡಮೆ. ಆ ಕರೆಯುವ ದ್ರವ್ಯಗಳಲ್ಲಿ ಪ್ರಮುಖವಾದ ಒಂದನ್ನು ೧೯೮೩ರಲ್ಲಿ ಡ್ವೊರಾಕ್ ಎಂಬವನ ಬಳಗವು ರಕ್ತನಾಳಗಳನ್ನು ಸೋರುವಂತೆ ಮಾಡುವ ವಸ್ತುವೆಂದು ಗುರುತಿಸಿತು; ೧೯೮೯ರಲ್ಲಿ ನೆಪೊಲಿಯೋನ್ ಫೆರಾರಾ ಮತ್ತಿತರರು ಅದೇ ವಸ್ತುವನ್ನು ರಕ್ತನಾಳಗಳನ್ನು ಬೆಳೆಯಿಸುವ ಚೋದಕವೆಂದು ತೋರಿಸಿದರು. ಮುಂದೆ ಅಂಗಾಂಶ ಶಿಲ್ಪಕ್ಕೆ ಕೀರ್ತಿ ತಂದ ಲ್ಯಾಂಗರನು ೧೯೭೦ರ ದಶಕದಲ್ಲಿ ಇದೇ ಫೋಕ್‌ಮನ್ನನ ಪ್ರಯೋಗಶಾಲೆಯಲ್ಲಿ ದುಡಿದವನೆಂಬುದು ಗಮನಾರ್ಹವಾದ ಸಂಗತಿ. ಕೊಲ್ಲುವ ಗೆಡ್ಡೆಗೆ ತಿಳಿದಿದ್ದ ವಿದ್ಯೆಯನ್ನು ಕಾಯುವ ಅಂಗಾಂಶಕ್ಕೆ ಕಲಿಸಬೇಕಾಗಿತ್ತು.

ಎಲ್ಲ ರಕ್ತನಾಳಗಳ ಒಳಗೋಡೆಗೂ ಒಂದೇ ಪದರದ ಚಪ್ಪಟೆಯಾದ ಜೀವಕೋಶಗಳ ಹಾಸು ಇರುತ್ತದೆ. ಲೋಮನಾಳವೆಂದರೆ ಬಹುಮಟ್ಟಿಗೆ ಈ ಹಾಸೇ. ರಕ್ತವು ಈ ಹಾಸನ್ನು ಬಿಟ್ಟು ಬೇರಾವ ಮೇಲ್ಮೈಯನ್ನು ಮುಟ್ಟಿದರೂ ಹೆಪ್ಪುಗಟ್ಟುವ ಸ್ವಭಾವವುಳ್ಳದ್ದು; ಆದುದರಿಂದ ಕಾಲುವೆ ತೋಡಿದರೆ ಸಾಲದು, ಅದಕ್ಕೆ ಈ ಜೀವಕೋಶಗಳ ಗಾರೆ ಬಳಿಯಬೇಕು. ಅವುಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಯಿಸುವ ಉಪಾಯವನ್ನು ೧೯೭೩ರಲ್ಲಿ ಎರಿಕ್ ಜಾಫಿ ಮತ್ತು ಅವನ ಸಂಗಡಿಗರು ವಿವರವಾಗಿ ಪ್ರಕಟಿಸಿದರು. ಅವು ದೊರೆತದ್ದು ಎಲ್ಲಿಂದ? ಹೆರಿಗೆಯಾದ ಮೇಲೆ ಎಸೆದುಬಿಡುವ ಹೊಕ್ಕುಳಬಳ್ಳಿಯ ಅಭಿಧಮನಿಯಿಂದ. ಸಿರೆಗಳಿಗೆ ನಾಭಿಯೇ ಮೂಲವೆಂದ ಹಳೆಯ ಮಾತು ಶರೀರರಚನೆಯ ದೃಷ್ಟಿಯಿಂದ ನಿಲ್ಲದಿದ್ದರೂ ಪ್ರಯೋಗಶಾಲೆಗಳ ಮಟ್ಟಿಗೆ ಅಕ್ಷರಶಃ ನಿಜವಾದುದು ಒಂದು ವಿನೋದ. ೧೯೮೦ರಲ್ಲಿ ಫೋಕ್‌ಮನ್ ಮತ್ತು ಹೌಡೆನ್‌ಶೀಲ್ಡರು ಇನ್ನೊಂದು ಸೋಜಿಗವನ್ನು ವರದಿಮಾಡಿದರು: ತಟ್ಟೆಯಲ್ಲಿ ಬೆಳೆದ ಲೋಮನಾಳದ ಜೀವಕೋಶಗಳು ಯಾರೂ ಹೇಳಿಕೊಡದೆ ತಾವಾಗಿಯೇ ಸಾಲುಗೂಡಿ, ಒಳಗೆ ಟೊಳ್ಳಿರುವ ನಳಿಕೆಗಳಾಗಿ ಕವಲೊಡೆದವು. ರಕ್ತವಿಲ್ಲ, ಹೃದಯವಿಲ್ಲ, ಆದರೂ ನಾಳವಾಗುವ ಬುದ್ಧಿ ಅವುಗಳೊಳಗೇ ಇತ್ತು.

ಹಾಗಾದರೆ ಚೋದಕವನ್ನು ಸುರಿದು ಜೀವಕೋಶಗಳನ್ನು ಬಿತ್ತಿದರೆ ಸಾಕಲ್ಲವೆ ಎಂಬ ಸಂದೇಹವು ಸಹಜ. ಅಷ್ಟು ಮಾತ್ರದಿಂದ ಹುಟ್ಟಿದ ನಾಳಗಳು ಬಲಹೀನವಾದವು. ಸೋರುತ್ತವೆ, ಕೆಲವು ದಿನಗಳಲ್ಲಿ ಮುದುಡಿಹೋಗುತ್ತವೆ. ಸ್ವಾಭಾವಿಕವಾದ ನಾಳಕ್ಕೆ ಹೊರಗಿನಿಂದ ಆತುಕೊಂಡಿರುವ ಆಸರೆಯ ಜೀವಕೋಶಗಳೂ ಇರುತ್ತವೆ. ಭಾರತೀಯ ಮೂಲದ, ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ರಾಕೇಶ್ ಜೈನರ ಬೋಸ್ಟನ್ನಿನ ಬಳಗವು ೨೦೦೪ರಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ತೋರಿಸಿತು. ಒಳಪದರದ ಜೀವಕೋಶಗಳನ್ನು ಮಾತ್ರವೇ ಇಲಿಗಳಲ್ಲಿ ನೆಟ್ಟಾಗ ನಾಳಗಳು ಬೇಗನೆ ಕ್ಷೀಣಿಸಿದವು. ಆಸರೆಯ ಜೀವಕೋಶಗಳಾಗಬಲ್ಲವನ್ನೂ ಜೊತೆಗೆ ಸೇರಿಸಿ ನೆಟ್ಟಾಗ ಅವು ಸುಮಾರು ಒಂದು ವರ್ಷದ ಕಾಲ ರಕ್ತವನ್ನು ಹೊತ್ತು ನಿಂತವು. ಚಪ್ಪರವಿಲ್ಲದೆ ಬಳ್ಳಿಯಿಲ್ಲ. ಮಾರನೆಯ ವರ್ಷವೇ ಇಸ್ರೇಲಿನ ಶುಲಾಮಿತ್ ಲೆವೆನ್‌ಬರ್ಗ್ ಮತ್ತಿತರರು ಸ್ನಾಯುವಿನ ಜೀವಕೋಶ, ನಾಳದ ಜೀವಕೋಶ, ನಾರು ನೆಯ್ಯುವ ಜೀವಕೋಶ ಮೂರನ್ನೂ ಒಂದೇ ಹಂದರದ ಮೇಲೆ ಬೆಳೆಯಿಸಿ ಇಲಿಗಳಲ್ಲಿ ನೆಟ್ಟರು. ಮೊದಲೇ ಮೂಡಿದ್ದ ಆ ನಾಳಗಳಲ್ಲಿ ಕೆಲವು ಇಲಿಯ ನಾಳಗಳೊಡನೆ ಬಾಯಿಗೂಡಿ ಅದರ ರಕ್ತವನ್ನು ಪಡೆದುಕೊಂಡವು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಅದು ಕಾಲದ ತೊಡಕು. ಆಶ್ರಯ ಕೊಟ್ಟ ದೇಹದಿಂದ ನಾಳಗಳು ಚಿಗುರಿ ಒಳಕ್ಕೆ ಬರುವ ವೇಗವು ದಿನವೊಂದಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಮೆ. ಒಂದು ಸೆಂಟಿಮೀಟರು ದಪ್ಪದ ತುಣುಕಿನ ನಡುವಿಗೆ ಅವು ತಲಪುವಷ್ಟರಲ್ಲಿ ನಡುವಿನ ಜೀವಕೋಶಗಳು ಎಂದೋ ಸತ್ತಿರುತ್ತವೆ. ಇಟ್ಟಿಗೆಯವನ ತೊಟ್ಟು ಇಪ್ಪತ್ತೈದು ದಿವಸ ಕಾದಿತು. ತೊಟ್ಟಿಲ್ಲದ ಅಂಗಾಂಶವು ಒಂದೆರಡು ದಿವಸವೂ ಕಾಯಲಾರದು. ಆದಕಾರಣ ನೆಟ್ಟ ದಿವಸವೇ ರಕ್ತವು ಹರಿಯುವಂತೆ ದೊಡ್ಡ ಕಾಲುವೆಗಳನ್ನು ಮೊದಲೇ ತೋಡಿಟ್ಟಿರಬೇಕು. ಮೆತ್ತಗಿರುವ, ಜೀವಕೋಶಗಳಿಂದ ತುಂಬಿದ ಮುದ್ದೆಯೊಳಗೆ ಕವಲುಗವಲಾದ ಟೊಳ್ಳನ್ನು ತೋಡುವುದು ಹೇಗೆ? ತೋಡಲಾಗದು. ಟೊಳ್ಳಿನ ಆಕಾರವನ್ನು ಮೊದಲು ಮಾಡಿ, ಅದರ ಸುತ್ತ ಮುದ್ದೆಯನ್ನೆರೆದು, ಆಮೇಲೆ ಆ ಆಕಾರವನ್ನೇ ಇಲ್ಲವಾಗಿಸಬೇಕು. ಲೋಹದ ವಿಗ್ರಹಗಳನ್ನು ಎರೆಯುವವರು ಮೇಣದ ಪ್ರತಿಮೆಯ ಸುತ್ತ ಮಣ್ಣನ್ನು ಮೆತ್ತಿ, ಕಾಯಿಸಿ, ಮೇಣವನ್ನು ಹರಿಯಬಿಡುವ ಕ್ರಮವು ಬಹು ಪ್ರಾಚೀನವಾದುದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿಯೂ ಅದರ ವರ್ಣನೆಯಿದೆ. ಆದರೆ ಕರಗಿದ ಮೇಣದ ಕಾವನ್ನು ಜೀವಕೋಶಗಳು ತಾಳವು.

ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಜೋರ್ಡನ್ ಮಿಲ್ಲರ್ ಮತ್ತು ಅವನ ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಉಪಾಯದಲ್ಲಿ ಮೇಣದ ಸ್ಥಾನಕ್ಕೆ ಬಂದುದು ಸಕ್ಕರೆ. ಸಂಕ್ರಾಂತಿಗೆ ಸಕ್ಕರೆಯಚ್ಚು ಎರೆಯುವುದನ್ನು ನೋಡಿದವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಗ್ಲೂಕೋಸು, ಸಕ್ಕರೆ, ಡೆಕ್ಸ್‌ಟ್ರಾನ್ ಎಂಬಿವುಗಳ ಪಾಕವನ್ನು ಯಂತ್ರದ ಸೂಜಿಮೂತಿಯಿಂದ ಎಳೆಯೆಳೆಯಾಗಿ ಬಿಟ್ಟು, ಅಡ್ಡಲೂ ಉದ್ದಲೂ ಜಾಲಂದರದಂತೆ ನೇಯ್ದರು. ಆರಿದ ಎಳೆಯು ಗಾಜಿನಂತೆ ಬಿರುಸಾಗಿ ತನ್ನ ಭಾರವನ್ನು ತಾನೇ ಹೊತ್ತು ನಿಂತಿತು. ಅದರ ಮೇಲೆ ತೆಳುವಾದೊಂದು ಲೇಪವನ್ನು ಕೊಟ್ಟರು. ಕರಗುವ ಸಕ್ಕರೆಯು ಸುತ್ತಣ ಜೀವಕೋಶಗಳಿಗೆ ನೇರವಾಗಿ ತಗುಲಿ ಹಾನಿಮಾಡಬಾರದೆಂಬುದು ಇದರ ಉದ್ದೇಶ. ಅನಂತರ ಜೀವಕೋಶಗಳನ್ನು ಕಲಸಿದ ದ್ರವವನ್ನು ಆ ಜಾಲರಿಯ ಸುತ್ತ ಎರೆದರು. ಅದು ಹಾಲುಬಾಯಿಯಂತೆ ಮೆತ್ತಗೆ ಗಟ್ಟಿಯಾಯಿತು. ಪೋಷಕದ್ರವದಲ್ಲಿಟ್ಟ ಕೆಲವೇ ನಿಮಿಷಗಳಲ್ಲಿ ಸಕ್ಕರೆಯು ಕರಗಿ ಹೊರಟುಹೋಗಿ, ಎಳೆಗಳಿದ್ದೆಡೆಯಲ್ಲೆಲ್ಲ ಒಂದಕ್ಕೊಂದು ಕೂಡಿದ ಕಾಲುವೆಗಳು ಉಳಿದವು. ಆ ಕಾಲುವೆಗಳಿಗೆ ನಾಳದ ಜೀವಕೋಶಗಳನ್ನು ಹರಿಯಬಿಟ್ಟಾಗ ಅವು ಗೋಡೆಗಳನ್ನು ಹಿಡಿದು ಹಾಸಿಕೊಂಡವು. ಅಲ್ಲಿಂದ ಪಕ್ಕಕ್ಕೆ ಸಣ್ಣ ಚಿಗುರುಗಳನ್ನೂ ಬಿಟ್ಟವು. ಇಲಿಯ ಯಕೃತ್ತಿನ ಜೀವಕೋಶಗಳನ್ನು ತುಂಬಿದ ಮುದ್ದೆಯಲ್ಲಿ ಕಾಲುವೆಗಳ ನೆರೆಯಲ್ಲಿದ್ದವು ಚೆನ್ನಾಗಿ ಬದುಕಿದವು. ಅಡಿಗೆಮನೆಯ ಪದಾರ್ಥದಿಂದ ಇಷ್ಟು ದೊಡ್ಡ ಕೆಲಸವಾದುದು ವಿಜ್ಞಾನದ ಇತಿಹಾಸದಲ್ಲಿ ಅಪರೂಪವೆನ್ನಬೇಕು.

ಹಾರ್ವರ್ಡಿನ ಜೆನಿಫರ್ ಲೂಯಿಸ್ ಎಂಬಾಕೆಯ ಬಳಗವು ೨೦೧೪ರಲ್ಲಿ ಸಕ್ಕರೆಗೆ ಬದಲಾಗಿ, ತಂಪಾದಾಗ ನೀರಾಗುವ ಒಂದು ವಿಚಿತ್ರವಾದ ಮಸಿಯನ್ನು ಉಪಯೋಗಿಸಿತು. ಮೇಣವು ಕಾಯಿಸಿದರೆ ಹರಿಯುತ್ತದೆ, ಇದು ತಣಿಸಿದರೆ ಹರಿಯುತ್ತದೆ. ಇದೇ ಬಳಗವು ೨೦೧೬ರಲ್ಲಿ ಒಂದು ಸೆಂಟಿಮೀಟರಿಗೂ ಮಿಗಿಲಾದ ದಪ್ಪದ ಅಂಗಾಂಶವನ್ನು ಆರು ವಾರಗಳಿಗೂ ಹೆಚ್ಚು ಕಾಲ ದ್ರವ ಹರಿಸಿ ಬದುಕಿಸಿತು. ಮಿಲ್ಲರನೂ ಸುಮ್ಮನಿರಲಿಲ್ಲ. ೨೦೧೯ರಲ್ಲಿ, ರೈಸ್ ವಿಶ್ವವಿದ್ಯಾನಿಲಯದಲ್ಲಿದ್ದಾಗ, ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಕೆಲ್ಲಿ ಸ್ಟೀವನ್ಸ್ ಮೊದಲಾದವರೊಡನೆ ಕೂಡಿ, ಬೆಳಕಿನಿಂದ ಪದರಪದರವಾಗಿ ಗಟ್ಟಿಯಾಗುವ ಮುದ್ದೆಯಲ್ಲಿ ಶ್ವಾಸಕೋಶದ ಗಾಳಿಚೀಲದಂಥ ರಚನೆಯನ್ನು ಮಾಡಿ ತೋರಿಸಿದನು. ಗಾಳಿಯು ಒಳಗೆ ಉಬ್ಬಿ ಇಳಿಯುತ್ತಿರಲು, ಸುತ್ತಣ ಜಾಲದಲ್ಲಿ ಹರಿದ ರಕ್ತಕಣಗಳು ಆಮ್ಲಜನಕವನ್ನು ಹೀರಿಕೊಂಡವು. ಬೆಳಕು ಬೇಕಾದ ಪದರವನ್ನು ದಾಟಿ ಕೆಳಕ್ಕಿಳಿಯದಂತೆ ತಡೆಯಲು ಅವರು ಬೆರಸಿದ್ದು ತಿಂಡಿತಿನಿಸುಗಳಿಗೆ ಹಾಕುವ ಹಳದಿ ಬಣ್ಣವನ್ನು! ಮತ್ತೆ ಅಡಿಗೆಮನೆಯೇ.

ಸಿದ್ಧವಾಗಿರುವ ನಾಳಜಾಲವನ್ನೇ ಎರವಲು ಪಡೆದವರೂ ಉಂಟು. ೨೦೦೮ರಲ್ಲಿ ಮಿನೆಸೋಟದ ಡೋರಿಸ್ ಟೇಲರ್ ಎಂಬಾಕೆಯ ಬಳಗವು ಇಲಿಯ ಹೃದಯದಿಂದ ಜೀವಕೋಶಗಳನ್ನೆಲ್ಲ ಮಾರ್ಜಕದಿಂದ ತೊಳೆದುಹಾಕಿತು; ನಾಳಗಳ ದಾರಿಗಳೊಡನೆ ಬಿಳಿಯ ಹಂದರ ಮಾತ್ರ ಉಳಿಯಿತು. ಅದರಲ್ಲಿ ಎಳೆಯ ಇಲಿಗಳ ಹೃದಯದ ಜೀವಕೋಶಗಳನ್ನು ತುಂಬಿದಾಗ ಅದು ಮಿಡಿಯಿತು, ಆದರೆ ಬೆಳೆದ ಹೃದಯದ ಶಕ್ತಿಯಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ಇನ್ನು ಎಲೆಯ ಮಾತು. ೨೦೧೭ರಲ್ಲಿ ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ ಸಂಸ್ಥೆಯವರು ಪಾಲಕ್ ಸೊಪ್ಪಿನ ಎಲೆಯನ್ನು ಇದೇ ರೀತಿಯಲ್ಲಿ ತೊಳೆದರು. ಹಸುರು ಹೋಗಿ ಎಲೆಯು ಪಾರದರ್ಶಕವಾಯಿತು. ತೊಟ್ಟಿನಲ್ಲಿ ಕೆಂಪು ದ್ರವವನ್ನು ಬಿಟ್ಟಾಗ ಅದು ನರದಿಂದ ನರಕ್ಕೆ ಕವಲೊಡೆಯುತ್ತ ಹರಿಯಿತು. ಎಲೆಯ ಮೇಲೆ ಬಿತ್ತಿದ ಮಾನವ ಹೃದಯದ ಜೀವಕೋಶಗಳು ಇಪ್ಪತ್ತೊಂದು ದಿವಸಗಳವರೆಗೆ ಮಿಡಿದವು. ಸುಶ್ರುತನು ಹೋಲಿಕೆಗೆಂದು ಹೇಳಿದ ವಸ್ತುವನ್ನು ಇವರು ಉಪಯೋಗಕ್ಕೆಂದೇ ತಂದರು. ಎಲೆಗೆ ಹೋಗುವ ದಾರಿಯುಂಟು, ಮರಳುವ ದಾರಿ ರಕ್ತಕ್ಕೆ ತಕ್ಕಂತಿಲ್ಲವೆಂಬುದು ಇದರ ಕೊರತೆ. ಇದನ್ನು ಚಮತ್ಕಾರವೆಂದು ಮೆಚ್ಚಬಹುದಲ್ಲದೆ ಚಿಕಿತ್ಸೆಯೆಂದು ನೆಚ್ಚುವಂತಿಲ್ಲ.

ಸ್ಪರ್ಧೆಯಿಂದಲೂ ಈ ವಿದ್ಯೆಗೆ ಪ್ರೋತ್ಸಾಹ ದೊರೆಯಿತು. ದೀರ್ಘಕಾಲದ ವ್ಯೋಮಯಾನದಲ್ಲಿ ವಿಕಿರಣವು ಅಂಗಗಳಿಗೆ ಮಾಡುವ ಹಾನಿಯನ್ನು ತಿಳಿಯಲು ಅಂಗಾಂಶದ ತುಣುಕುಗಳು ಬೇಕಾಗಿದ್ದ ಅಮೆರಿಕದ ನಾಸಾ ಸಂಸ್ಥೆಯು ೨೦೧೬ರಲ್ಲಿ ಐದು ಲಕ್ಷ ಡಾಲರುಗಳ ಬಹುಮಾನವನ್ನು ಸಾರಿತು. ನಿಯಮವು ಸರಳ: ಮಾನವ ಜೀವಕೋಶಗಳ, ಒಂದು ಸೆಂಟಿಮೀಟರಿಗಿಂತ ದಪ್ಪನಾದ ಅಂಗಾಂಶವು ಮೂವತ್ತು ದಿವಸ ಬದುಕಬೇಕು; ಕೊನೆಯಲ್ಲಿ ನೂರಕ್ಕೆ ಎಂಬತ್ತೈದರಷ್ಟಾದರೂ ಜೀವಕೋಶಗಳು ಉಳಿದಿರಬೇಕು. ಇಷ್ಟು ಸರಳವಾದುದನ್ನು ಸಾಧಿಸಲು ಐದು ವರ್ಷ ಹಿಡಿಯಿತು. ೨೦೨೧ರಲ್ಲಿ ಉತ್ತರ ಕ್ಯಾರೊಲಿನದ ವೇಕ್ ಫಾರೆಸ್ಟ್ ಸಂಸ್ಥೆಯ ಎರಡು ತಂಡಗಳೇ ಮೊದಲನೆಯ ಮತ್ತು ಎರಡನೆಯ ಸ್ಥಾನಗಳನ್ನು ಪಡೆದವು. ಎರಡೂ ಮಾಡಿದ್ದು ಯಕೃತ್ತಿನ ಅಂಗಾಂಶವನ್ನೇ.

ಆದರೆ ಪಾತ್ರೆಯೊಳಗೆ ಬದುಕುವುದು ಬೇರೆ, ರೋಗಿಯ ದೇಹದಲ್ಲಿ ಬದುಕುವುದು ಬೇರೆ. ಅಲ್ಲಿ ಶಸ್ತ್ರವೈದ್ಯನು ಹೊಸ ಜಾಲದ ಬಾಯನ್ನು ರೋಗಿಯ ಅಪಧಮನಿಗೆ ಹೊಲಿಯಬೇಕು. ನಾಳಕ್ಕೆ ನಾಳವನ್ನು ಹೊಲಿಯುವ ವಿದ್ಯೆಯನ್ನು ಕಲಿಸಿದವನು ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್. ೧೮೯೪ರಲ್ಲಿ ಲಿಯೋನ್ ನಗರದಲ್ಲಿ ಫ್ರಾನ್ಸಿನ ಅಧ್ಯಕ್ಷ ಕಾರ್ನೋ ಇರಿತಕ್ಕೆ ಗುರಿಯಾಗಿ, ತುಂಡಾದ ರಕ್ತನಾಳವನ್ನು ಕೂಡಿಸಲರಿಯದೆ ವೈದ್ಯರು ಕೈಚೆಲ್ಲಿದ ಪ್ರಸಂಗವು ಅವನ ಮನಸ್ಸಿನಲ್ಲಿ ನಾಟಿತೆಂದು ಹೇಳುತ್ತಾರೆ. ಅದೇ ಊರಿನ ಕಸೂತಿಗಾತಿಯೊಬ್ಬಳ ಬಳಿ ಸಣ್ಣ ಸೂಜಿಯ ಹೊಲಿಗೆಯನ್ನು ಅಭ್ಯಾಸ ಮಾಡಿದ ಅವನು, ನಾಳದ ಬಾಯನ್ನು ಮೂರು ಕಡೆ ಹಿಡಿದೆಳೆದು ತ್ರಿಕೋಣವಾಗಿಸಿ ಹೊಲಿಯುವ ಕ್ರಮವನ್ನು ೧೯೦೨ರಲ್ಲಿ ಪ್ರಕಟಿಸಿದನು; ೧೯೧೨ರಲ್ಲಿ ನೊಬೆಲ್ ಪಡೆದನು. ಹೊಲಿಯಲು ದೊಡ್ಡ ನಾಳವೇ ಬೇಕಷ್ಟೆ. ಅದನ್ನೂ ಬೆಳೆಯಿಸಿದವರುಂಟು. ಲಾರಾ ನಿಕ್ಲಾಸನ್ ಎಂಬಾಕೆಯ ಬಳಗವು ೧೯೯೯ರಲ್ಲಿ, ಕರಗುವ ನಾರಿನ ನಳಿಕೆಯ ಮೇಲೆ ಅಪಧಮನಿಯ ಜೀವಕೋಶಗಳನ್ನು ಬಿತ್ತಿ, ನಾಡಿಯಂತೆ ಮಿಡಿಯುವ ದ್ರವವನ್ನು ಎಂಟು ವಾರ ಹರಿಸಿ, ಹೊಲಿಗೆಯನ್ನು ತಾಳಬಲ್ಲ ಅಪಧಮನಿಯನ್ನು 'ಸಾಕಿ' ಬೆಳೆಯಿಸಿತು. ಮಿಡಿತವಿಲ್ಲದೆ ಬೆಳೆಯಿಸಿದವು ಅಷ್ಟು ಗಟ್ಟಿಯಾಗಲಿಲ್ಲ, ವ್ಯಾಯಾಮವಿಲ್ಲದ ಶರೀರದಂತೆ. ಇದೇ ದಾರಿಯ ಮುಂದುವರಿಕೆಯಾಗಿ, ಮಾನವ ಜೀವಕೋಶಗಳಿಂದ ನೆಯ್ಯಿಸಿ ಅನಂತರ ಜೀವಕೋಶಗಳನ್ನು ತೊಳೆದು ತೆಗೆದ, ಯಾವ ರೋಗಿಗಾದರೂ ಹಾಕಬಹುದಾದ ನಾಳವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ೨೦೨೪ರ ಡಿಸೆಂಬರಿನಲ್ಲಿ ಅನುಮತಿಯಿತ್ತಿತು. ಕೈಕಾಲುಗಳ ಅಪಧಮನಿಯು ಗಾಯದಿಂದ ಹರಿದು, ರೋಗಿಯ ಸ್ವಂತ ಅಭಿಧಮನಿಯನ್ನು ಬಳಸಲಾಗದ ತುರ್ತುಸಂದರ್ಭಕ್ಕೆ ಮಾತ್ರ ಅದು ಮೀಸಲು.

ಇಷ್ಟೆಲ್ಲ ಎಚ್ಚರಿಕೆ ಏಕೆಂಬುದಕ್ಕೆ ಒಂದು ದುಃಖದ ಪ್ರಸಂಗವಿದೆ. ೨೦೧೧ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯನೊಬ್ಬನು ಪ್ಲಾಸ್ಟಿಕ್ಕಿನ ಶ್ವಾಸನಾಳವನ್ನು ರೋಗಿಯ ಮೂಳೆಮಜ್ಜೆಯ ಜೀವಕೋಶಗಳಲ್ಲಿ ನೆನೆಸಿ ದೇಹದೊಳಗೆ ಹೊಲಿದನು. ಅದು ಜೀವಂತ ಅಂಗವಾಗಿ ಮಾರ್ಪಡುತ್ತದೆಂಬ ಸುದ್ದಿಯು ಜಗತ್ತಿನಲ್ಲೆಲ್ಲ ಹಬ್ಬಿತು. ಆ ನಳಿಕೆಗೆ ರಕ್ತದ ದಾರಿಯೇ ಇರಲಿಲ್ಲ. ರಕ್ತವಿಲ್ಲದೆಡೆಯಲ್ಲಿ ಬಿತ್ತಿದ ಜೀವಕೋಶವು ಬದುಕಲಾರದೆಂದು ಬಲ್ಲವರು ಆಕ್ಷೇಪಿಸಿದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಲ್ಲಿ ಅಂಥ ನಳಿಕೆಯನ್ನು ಹಾಕಿಸಿಕೊಂಡ ಮೂವರು ರೋಗಿಗಳೂ ಕಾಲಕ್ರಮದಲ್ಲಿ ತೀರಿಕೊಂಡರು. ೨೦೨೩ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯವು ಆ ವೈದ್ಯನಿಗೆ ಎರಡೂವರೆ ವರ್ಷಗಳ ಸೆರೆವಾಸವನ್ನು ವಿಧಿಸಿತು. ಇದಕ್ಕೆ ಪ್ರತಿಯಾಗಿ, ಬೋಸ್ಟನ್ನಿನಲ್ಲಿ ಆಂಥನಿ ಅಟಾಲ ಮತ್ತಿತರರು ಏಳು ಮಂದಿ ಎಳೆಯ ರೋಗಿಗಳಿಗೆ ಅವರವರ ಜೀವಕೋಶಗಳಿಂದಲೇ ಮೂತ್ರಕೋಶದ ಗೋಡೆಯನ್ನು ಬೆಳೆಯಿಸಿ ಹೊಲಿದ ವೃತ್ತಾಂತವು ೨೦೦೬ರಲ್ಲಿ ಪ್ರಕಟವಾಗಿತ್ತು. ಅವರು ಕೆಲವು ರೋಗಿಗಳಲ್ಲಿ ಹೊಸ ಗೋಡೆಯ ಸುತ್ತ ವಪೆಯನ್ನು ಹೊದಿಸಿದರು. ಕರುಳಿನ ಮೇಲೆ ಇಳಿಬಿದ್ದಿರುವ, ರಕ್ತನಾಳಗಳಿಂದ ಸಮೃದ್ಧವಾದ ಕೊಬ್ಬಿನ ಪೊರೆಗೆ ಸಂಸ್ಕೃತದಲ್ಲಿ ಇದು ಹೆಸರು. ಹೊದಿಸಿದವರಲ್ಲಿಯೇ ಫಲವು ಉತ್ತಮವಾಗಿ ಕಂಡಿತು. ಹೊಸ ಗೋಡೆಗೆ ಅದು ತೊಟ್ಟಿನ ಕೆಲಸವನ್ನು ಮಾಡಿತು.

ಇಂದಿನ ಸ್ಥಿತಿಯಲ್ಲಿ ಕೆಲಸವು ಎರಡು ತುದಿಗಳಿಂದ ನಡೆಯುತ್ತಿದೆ. ಮಿಲಿಮೀಟರಿನ ಲೆಕ್ಕದ ದೊಡ್ಡ ಕಾಲುವೆಗಳನ್ನು ಯಂತ್ರವು ಮಾಡಬಲ್ಲದು. ಎಂಟು ಮೈಕ್ರಾನಿನ ಲೋಮನಾಳಗಳನ್ನು ಇಡೀ ಅಂಗದ ಉದ್ದಗಲಕ್ಕೆ ನೆಯ್ಯಲು ಯಂತ್ರಕ್ಕೆ ಸಾಧ್ಯವಾಗಿಲ್ಲ, ಅವನ್ನು ಜೀವಕೋಶಗಳಿಗೇ ಬಿಡಬೇಕಾಗಿದೆ. ನಾಲೆಯನ್ನು ಸರಕಾರವು ತೋಡಿಸಿದರೂ ಗದ್ದೆಯೊಳಗಿನ ಕಿರುಗಾಲುವೆಯನ್ನು ರೈತನೇ ಎಳೆದುಕೊಳ್ಳುವಂತೆ. ಈ ಎರಡರ ನಡುವಣ ಸಂಧಿಯಲ್ಲಿ ರಕ್ತವು ಹೆಪ್ಪುಗಟ್ಟದೆ, ಸೋರದೆ, ವರ್ಷಗಟ್ಟಲೆ ಹರಿಯುವಂತೆ ಮಾಡುವುದೇ ಉಳಿದಿರುವ ಕಷ್ಟ. ೨೦೧೯ರಲ್ಲಿ ಟೆಲ್ ಅವೀವ್ ನಗರದಲ್ಲಿ ಮನುಷ್ಯನ ಜೀವಕೋಶಗಳಿಂದ ನಾಳಸಹಿತವಾಗಿ ಹೃದಯವನ್ನೇ ಮುದ್ರಿಸಿದರೆಂದು ವೃತ್ತಪತ್ರಿಕೆಗಳು ದಪ್ಪಕ್ಷರಗಳಲ್ಲಿ ಬರೆದವು. ಅದರ ಗಾತ್ರವು ಮೊಲದ ಹೃದಯದಷ್ಟು. ಅದರ ಜೀವಕೋಶಗಳು ಬಿಡಿಬಿಡಿಯಾಗಿ ಸಂಕುಚಿಸಬಲ್ಲವಾಗಿದ್ದವೇ ಹೊರತು ಇಡೀ ಹೃದಯವು ಒಂದಾಗಿ ರಕ್ತವನ್ನು ನೂಕಲಾರದಾಗಿತ್ತು. ಅದನ್ನು ಮಾಡಿದವರೇ ಇದನ್ನು ಸ್ಪಷ್ಟವಾಗಿ ಹೇಳಿದ್ದರು; ದಪ್ಪಕ್ಷರಗಳಲ್ಲಿ ಆ ಮಾತಿಗೆ ಸ್ಥಳವಿರಲಿಲ್ಲ.

ಮೂಗನ್ನು ಕಳೆದುಕೊಂಡವರಿಗೆ ಶಸ್ತ್ರವೈದ್ಯರು ಇಂದಿಗೂ ಹಣೆಯ ಚರ್ಮವನ್ನೇ ಕೆಳಗಿಳಿಸುತ್ತಾರೆ. ಹುಬ್ಬಿನ ಬಳಿ ತೊಟ್ಟನ್ನು ಉಳಿಸಿ, ಸುಮಾರು ಮೂರು ವಾರಗಳ ಮೇಲೆ ಅದನ್ನು ಕತ್ತರಿಸುತ್ತಾರೆ.